ಅಕ್ಕನ ನಡಿಗೆ, ನಲವತ್ತು ನಿಮಿಷ

ಟಕ್, ಟಕ್, ಪಾತ್ರೆಯ ತಳಕ್ಕೆ ಮೊಟ್ಟೆ ಬಡಿಯುವ ಸದ್ದು, ಒಂದೇ ಒಂದು ಮೊಟ್ಟೆ ಅದೆಷ್ಟು ಗಲಾಟೆ ಮಾಡುತ್ತದಪ್ಪ, ಮನೆ ತುಂಬ ಜನ ಇದ್ದ ಹಾಗೆ, ಅವಳು ಉರಿ ಸಣ್ಣ ಮಾಡಿದಳು, ಕನ್ನಡಕದ ಅಂಗಡಿಯಿಂದ ಬಂದವಳು ಇನ್ನೂ ಹೆಗಲ ಚೀಲ ಇಳಿಸಿಲ್ಲ, ಅಡುಗೆಕಟ್ಟೆಯ ಪುಟ್ಟ ತಕ್ಕಡಿಯ ಮೇಲೆ ಬ್ರೆಡ್ಡಿನ ಒಂದು ಹೋಳು, ಅಂಕಿ ಎಲ್ಲಿ ನಿಲ್ಲಲಿ ಎಂದು ಇನ್ನೂ ಯೋಚಿಸುತ್ತಿದೆ, ಪಕ್ಕದಲ್ಲಿ ಫೋನಿನೊಳಗಿನ ಊಟದ ಡೈರಿ ಕೇಳುತ್ತಿದೆ, ಈ ಸಂಜೆ ಏನು ತಿಂದಿರಿ — ಇಡೀ ದಿನದಲ್ಲಿ ಅವಳನ್ನು ಏನು ತಿಂದೆ ಎಂದು ಕೇಳುವುದು ಇದೊಂದೇ, ಕೇಳಿದ ಮೇಲೆ ಉತ್ತರ ಕೊಡದಿದ್ದರೆ ಮರ್ಯಾದೆಯಲ್ಲ, ಅವಳು ಬೆರಳಾಡಿಸಿದಳು, ಹುರಿದ ಮೀನು, ಎರಡು ತುಂಡು, ಬೆಣ್ಣೆ ಹಾಕಿದ ಆಲೂಗಡ್ಡೆ, ಕೊನೆಗೆ ಐಸ್‌ಕ್ರೀಮು, ಟಿಪ್ಪಣಿಯಲ್ಲಿ ಒಂದು ಸಾಲು, ಗೆಳತಿಯರು ಊಟಕ್ಕೆ ಬಂದಿದ್ದರು. ಯಾವ ಗೆಳತಿಯರು, ಯಾವ ಮೀನು, ಮೀನಿನ ಮುಖ ನೋಡಿ ಎಷ್ಟು ಕಾಲವಾಯಿತೋ, ಕ್ಯಾಲೊರಿಯ ಪಟ್ಟಿ ಸರ್ರನೆ ಕೆಂಪಾಯಿತು, ಆಯ್ತು ಮಾರಾಯ ಸಿಟ್ಟಾಗಬೇಡ, ವ್ಯಾಯಾಮದ ಕಡೆ ಹೋಗಿ ನೃತ್ಯ ಎಂದು ಒತ್ತಿದಳು, ಒಂದು ಗಂಟೆ, ಪಟ್ಟಿ ಹಸಿರಾಯಿತು, ತಿನ್ನದ ಮೀನನ್ನು ಕುಣಿಯದ ಕುಣಿತದಲ್ಲಿ ಕರಗಿಸುವುದು ಅವಳಿಗೆ ಈಗ ಬೆರಳ ತುದಿಯ ವಿದ್ಯೆ, ಅದರ ಲೆಕ್ಕದಲ್ಲಿ ಅವಳು ತುಂಬಿ ತುಳುಕುತ್ತಿರಬೇಕು, ಇತ್ತ ನೋಡಿದರೆ ಸೊಂಟದಲ್ಲಿ ಪ್ಯಾಂಟು ನಿಲ್ಲುತ್ತಿಲ್ಲ, ಪಿನ್ನು ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾಳೆ.

ಇಷ್ಟೆಲ್ಲ ನಾಟಕ ಒಬ್ಬಳೇ ಒಬ್ಬ ಪ್ರೇಕ್ಷಕಿಗಾಗಿ, ಅಕ್ಕನಿಗಾಗಿ, ಈ ಡೈರಿಗೆ ಇವಳನ್ನು ಎಳೆದುತಂದವಳೇ ಅಕ್ಕ, ಬಾರೇ ಇಬ್ಬರೂ ಸೇರಿ ತೂಕ ಇಳಿಸೋಣ, ನೀನು ತಿಂದಿದ್ದು ನನಗೆ ಕಾಣ್ಬೇಕು ನಾನು ತಿಂದಿದ್ದು ನಿನಗೆ ಕಾಣ್ಬೇಕು, ಕದಿಯೋ ಹಾಗಿಲ್ಲ ನೋಡು, ಎಂದು ನಕ್ಕವಳು, ಆಗೆಲ್ಲ ಎಷ್ಟು ಚೆನ್ನಾಗಿತ್ತು, ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಡಬ್ಬಿ ತೆರೆಯುವ ಹೊತ್ತಿಗೆ ಅಕ್ಕನ ಡೈರಿಯಲ್ಲಿ ಸೌತೆಕಾಯಿ ಎಂದಿರುತ್ತಿತ್ತು, ಇವಳೂ ಸೌತೆಕಾಯಿ ಕಚ್ಚುತ್ತಿದ್ದಳು, ಎರಡು ಬೀದಿ ಆಚೆಗೂ ಒಂದೇ ಪಂಕ್ತಿ. ಆಮೇಲೆ ಭಾವನ ಹುಟ್ಟುಹಬ್ಬದ ದಿನ ಆ ಕೇಕು, ಹಾಳಾದ್ದು, ಒಂದು ತುಂಡು ಎಂದು ಬರೆದದ್ದು ನಿಜ, ಎರಡು ತಿಂದದ್ದೂ ನಿಜ, ಅಷ್ಟು ಜನರ ಎದುರಿಗೆ ಅಕ್ಕ ಫೋನೆತ್ತಿ ತೋರಿಸಿ, ನೋಡ್ರೋ ನನ್ನ ತಂಗಿ ಕಳ್ಳಲೆಕ್ಕ, ಎಂದಳು, ಎಲ್ಲರೂ ನಕ್ಕರು, ಇವಳೂ ನಕ್ಕಳು, ಅಲ್ಲಿಗೆ ಮುಗಿಯಬಹುದಿತ್ತು, ಮುಗಿಯಲಿಲ್ಲ, ಹೋಗ್ಲಿ ಬಿಡಿ ಪಾಪ, ಒಬ್ಬಳೇ ಇರೋಳಿಗೆ ತಿನ್ನೋದು ಬಿಟ್ರೆ ಇನ್ನೇನಿದೆ, ಎಂದುಬಿಟ್ಟಳು ಅಕ್ಕ, ಆ ಪಾಪ ಇದೆಯಲ್ಲ, ಅದು ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿಯಿತು, ಇವಳು ತಟ್ಟೆ ಇಟ್ಟು ಎದ್ದು ಬಂದಳು, ದಾರಿಯಲ್ಲೇ ಅಕ್ಕನ ಮೊಬೈಲ್ ನಂಬರು ಅಳಿಸಿ ಹಾಕಿದಳು, ಅಕ್ಕ ಕರೆಯಲಿಲ್ಲ, ಇವಳು ಕರೆಯಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ, ಎಂದು ದಿನಕ್ಕೆ ಮೂರು ಹೊತ್ತು ಹೇಳಿ ಹೇಳಿಯೇ ಸತ್ತಳು ಅಮ್ಮ, ಹೆತ್ತ ಎರಡು ಹೆಣ್ಣಿಗೂ ಎರಡರಲ್ಲಿ ಒಂದೂ ಬರಲಿಲ್ಲ.

ಆದರೆ ಡೈರಿಯನ್ನು ಇಬ್ಬರೂ ಮುಚ್ಚಲಿಲ್ಲ, ಮುಚ್ಚಿದವರು ಸೋತ ಹಾಗೆ ಅಲ್ಲವೇ, ಅದರಲ್ಲೊಂದು ಚಪ್ಪಾಳೆಯ ಚಿತ್ರ ಇದೆ, ಒತ್ತಿದರೆ ಆಚೆಯವರಿಗೆ ತಟ್ಟಿದ ಹಾಗೆ, ಜಗಳವಾದ ಮೂರನೆಯ ದಿನವೋ ನಾಲ್ಕನೆಯ ದಿನವೋ ಅಕ್ಕನ ಸಂಜೆಯ ನಡಿಗೆಗೆ ಇವಳ ಬೆರಳು ತಾನಾಗಿ ಚಪ್ಪಾಳೆ ಒತ್ತಿತು, ಅಕ್ಕ ತಿರುಗಿ ಇವಳ ಸೂಪಿಗೆ ಒತ್ತಿದಳು, ಅಂದಿನಿಂದ ಇಷ್ಟೇ, ಮಾತಿಲ್ಲ ಕತೆಯಿಲ್ಲ, ದಿನವೂ ಆ ಕಡೆಯಿಂದ ಚಪ್ಪಾಳೆ, ಈ ಕಡೆಯಿಂದ ಚಪ್ಪಾಳೆ, ಮೂಗಿಯರ ಸಂಸಾರ. ಅದಾದ ಮೇಲೆಯೇ ಗೆಳತಿಯರು ಊಟಕ್ಕೆ ಬರತೊಡಗಿದ್ದು, ಮೀನು ಬಂದದ್ದು, ನೃತ್ಯ ಬಂದದ್ದು, ಒಬ್ಬಳೇ ಇರೋಳಾ ನಾನು, ನೋಡು, ಕಣ್ಬಿಟ್ಟು ನೋಡು, ನನ್ನ ಮನೆಯಲ್ಲಿ ಎಷ್ಟು ಜನ ಉಣ್ಣುತ್ತಿದ್ದಾರೆ.

ಮೊಟ್ಟೆ ಬೆಂದಿತು, ತಣ್ಣೀರಿಗೆ ಹಾಕಿದಳು, ಬೆರಳು ಚುರ್ರೆಂದಿತು, ಇವತ್ತು ಬೆಳಿಗ್ಗೆ ಅಂಗಡಿಯಲ್ಲೂ ಸಣ್ಣ ಸ್ಕ್ರೂ ಎರಡು ಸಲ ಬಿತ್ತು, ಅಕ್ಕನ ಕೆಳಮನೆಯಾಕೆ ಬಂದು ಹೋದ ಮೇಲೆ, ಆಕೆ ಬಂದದ್ದು ಸಡಿಲವಾದ ಕನ್ನಡಕದ ಕಡ್ಡಿ ಬಿಗಿ ಮಾಡಿಸಲಿಕ್ಕೆ, ಸ್ಟೂಲಿನ ಮೇಲೆ ಕೂತು ಮಾತು ಬಿಚ್ಚಿದಳು, ಈಗ ಹೇಗಿದಾರಮ್ಮ ನಿಮ್ಮಕ್ಕ, ಪಾಪ ಬಚ್ಚಲಲ್ಲಿ ಜಾರಿ ಕಾಲು ಮುರ್ಕೊಂಡು ತಿಂಗಳ ಮೇಲಾಯ್ತಲ್ಲ, ನಿಮ್ಮ ಭಾವ ನೋಡಿದ್ರೆ ದೂರದ ಕೆಲಸ ಅಂತ ಹೋದವರು ಈ ಕಡೆ ತಲೆನೇ ಹಾಕಿಲ್ಲ, ನಾನೇ ಮಧ್ಯಾಹ್ನ ಒಂದಿಷ್ಟು ಅನ್ನ ಕೊಟ್ಟು ಬರ್ತೀನಿ, ಮಂಡಿಯಿಂದ ಕೆಳಗೆ ಪೂರ್ತಿ ಪ್ಲಾಸ್ಟರ್ ಪಟ್ಟಿ, ಐದು ಬೆರಳು ಮಾತ್ರ ಆಚೆಗೆ ಕಾಣ್ತವೆ, ಬೆರಳು ತಣ್ಣಗಾಗ್ತವಂತೆ, ಬಗ್ಗಿ ಒಂದು ಬಟ್ಟೆ ಹೊದಿಸ್ಕೊಳ್ಳೋಕೂ ಆಗಲ್ಲ, ನೀವು ನೋಡೇ ಇರ್ತೀರಲ್ಲ. ಹೂಂ ನೋಡಿದೆ, ಎಂದಳು ಇವಳು, ಬಾಯಿಗೆ ಬಂದದ್ದು ಅದೇ, ಕನ್ನಡಕ ಹಾಕಿ ಕನ್ನಡಿ ಹಿಡಿದಳು, ಸರಿ ಕೂತಿದೆಯಾ, ಕಿವಿ ಹಿಂದೆ ಒತ್ತುತ್ತಾ, ಎಂದು ಕೇಳಿದಳು, ಆಕೆ ಹೋದಮೇಲೆ ಹಿಂದಿನ ಕೋಣೆಗೆ ಬಂದು ನಿಂತೇ ಡೈರಿ ತೆರೆದಳು, ನಿನ್ನೆ, ಅಕ್ಕ, ಸಂಜೆ ನಡಿಗೆ, ನಲವತ್ತು ನಿಮಿಷ, ಮೊನ್ನೆ, ನಲವತ್ತು ನಿಮಿಷ, ಆಚೆ ಮೊನ್ನೆ, ಊಟ ಭಾವನ ಜೊತೆ, ನಡಿಗೆ ಭಾವನ ಜೊತೆ, ಎಲ್ಲದಕ್ಕೂ ಕೆಳಗೆ ಇವಳ ಚಪ್ಪಾಳೆ.

ಟಣ್, ಫೋನು ಬೆಳಗಿತು, ನಿಮ್ಮ ಅಕ್ಕ ಇಂದಿನ ನಡಿಗೆ ಮುಗಿಸಿದ್ದಾರೆ, ನಲವತ್ತು ನಿಮಿಷ, ಚಪ್ಪಾಳೆ ತಟ್ಟುವಿರಾ. ಅಯ್ಯೋ ನಿನ್ನ, ಎಲ್ಲಿ ನಡೆದೆಯೇ ಅಕ್ಕ, ಯಾವ ಕಾಲಲ್ಲಿ ನಡೆದೆ, ನಗು ಬಂತು, ಅದೇ ಅಳುವಾಯಿತು, ಬೆರಳು ಆ ಚಿತ್ರದ ಮೇಲೆ ನಿಂತಿದೆ, ತಟ್ಟಿದರೆ ನಂಬಿದ ಹಾಗೆ, ನಾಳೆಯೂ ಅಕ್ಕ ನಡೆಯುತ್ತಾಳೆ, ತಟ್ಟದಿದ್ದರೆ ಗೊತ್ತಾಗಿ ಹೋಗುತ್ತದೆ ಅವಳಿಗೆ, ನಾಚಿಕೆಯಿಂದ ಡೈರಿಯನ್ನೇ ಮುಚ್ಚಿಬಿಟ್ಟರೆ, ಆ ಒಂದು ಚಪ್ಪಾಳೆಯೂ ಇಲ್ಲದ ಸಂಜೆ, ಅಬ್ಬ, ಬೇಡ — ಅಷ್ಟರಲ್ಲಿ ಆ ಕಡೆಯಿಂದಲೇ ಬಂತು, ಮೀನಿಗೆ ಒಂದು ಚಪ್ಪಾಳೆ, ನೃತ್ಯಕ್ಕೆ ಒಂದು, ಗೆಳತಿಯರಿಗೂ ಒಂದು, ಓದಿದ್ದಾಳೆ, ನಂಬಿದ್ದಾಳೆ, ಮಂಚದ ಮೇಲೆ ಕಾಲು ಚಾಚಿ ಕೂತು, ಸದ್ಯ ನನ್ನ ತಂಗಿ ನಾಲ್ಕು ಜನರ ಜೊತೆ ನಗ್ತಾ ಉಣ್ತಿದಾಳೆ, ಅವಳಿಗ್ಯಾಕೆ ನನ್ನ ಕಾಲಿನ ತಾಪತ್ರಯ, ಎಂದುಕೊಂಡಿದ್ದಾಳೆ, ಅದಕ್ಕೇ ಕರೆದಿಲ್ಲ, ಇವಳು ಬಡಿಸಿದ ಮೀನೇ ಅಕ್ಕನ ಬಾಯಿ ಕಟ್ಟಿದೆ, ಥೂ, ಏನು ಜಂಬ, ಯಾರ ಮುಂದೆ, ಬಿಳಿ ಪಟ್ಟಿಯಿಂದ ಹೊರಗೆ ಐದು ಬೆರಳು, ಹೆಬ್ಬೆರಳಿಗಿಂತ ಉದ್ದನೆಯ ಆ ಎರಡನೆಯ ಬೆರಳು, ಇಬ್ಬರಿಗೂ ಅಮ್ಮನದೇ, ಚಿಕ್ಕವರಿದ್ದಾಗ ಒಂದೇ ಹೊದಿಕೆಯೊಳಗೆ ಇವಳ ಅಂಗಾಲಿಗೆ ತಾಗುತ್ತಿತ್ತು, ಬೇಸಿಗೆಯಲ್ಲೂ ತಣ್ಣಗೆ, ಕಾಲು ಆಚೆ ತೆಗಿಯೇ, ಎಂದು ಒದೆಯುತ್ತಿದ್ದಳು, ಈಗ ಬಟ್ಟೆ ಹೊದಿಸುವವರಿಲ್ಲದೆ ಆಚೆಗಿದೆ.

ಮೀನನ್ನು ಅಳಿಸಿದಳು, ನೃತ್ಯ ಅಳಿಸಿದಳು, ಗೆಳತಿಯರನ್ನು ಮನೆಗೆ ಕಳಿಸಿದಳು, ಬರೆದಳು, ಬ್ರೆಡ್ ಒಂದು, ಮೊಟ್ಟೆ ಒಂದು, ಆದರೆ ಇಷ್ಟರಿಂದ ಏನಾಗುತ್ತದೆ, ಮಾತಾಡಬೇಕು, ಈಗಲೇ, ನಾಳೆಗೆ ಬಿಟ್ಟರೆ ಮತ್ತೆ ಜಂಬ ಎದ್ದು ಕೂರುತ್ತದೆ, ಮೊಬೈಲ್ ನಂಬರು ಎಲ್ಲಿದೆ, ಅಳಿಸಿದವಳು ನೀನೇ ಅಲ್ಲವೇ ಮಹಾರಾಯ್ತಿ, ಬಾಯಿಪಾಠ ಇರುವುದು ಅಕ್ಕನ ಮನೆಯ ಹಜಾರದ ಹಳೆಯ ಲ್ಯಾಂಡ್‌ಲೈನಿನದೊಂದೇ, ಒತ್ತಿದಳು, ಹೋಯಿತು, ರಿಂಗ್ ಆಗುತ್ತಿದೆ, ಏನು ಹೇಳಲಿ, ಅಕ್ಕಾ ನಾನು ಬರ್ಲಾ ಎನ್ನಲಿ, ಸಾಕು, ಅಷ್ಟು ಸಾಕು, ರಿಂಗ್ ಆಗುತ್ತಿದೆ, ಯಾಕೆ ಎತ್ತುವುದಿಲ್ಲ, ಎತ್ತು ಅಕ್ಕ, ಮತ್ತೆ ರಿಂಗ್ — ಅಯ್ಯೋ. ಆ ಫೋನು ಹಜಾರದಲ್ಲಿದೆ, ಅಕ್ಕ ಒಳಗೆ ಮಂಚದ ಮೇಲೆ, ಏಳುತ್ತಿದ್ದಾಳೆ, ಗೋಡೆ ಹಿಡಿದುಕೊಂಡು ಏಳುತ್ತಿದ್ದಾಳೆ, ಈಗ ಇಟ್ಟುಬಿಡಲೇ, ಇಟ್ಟರೆ ಅರ್ಧ ದಾರಿಯಲ್ಲಿ ನಿಂತುಬಿಡುತ್ತಾಳೆ, ಯಾರು ಎಂದು ಗೊತ್ತಾಗದೆ, ಇಡದಿದ್ದರೆ ನಡೆಯುತ್ತಾಳೆ, ಬೇಡ ಅಕ್ಕ ಕೂತ್ಕೋ, ಬೇಡ ಬಾ, ಕೂತ್ಕೋ, ರಿಂಗ್ ಆಗುತ್ತಿದೆ, ದಿಂಬಿನ ಮೇಲಿಂದ ಬಿಳಿಯ ಕಾಲು ಇಳಿಯುತ್ತಿದೆ, ಐದು ಬೆರಳು, ತಣ್ಣನೆಯ ನೆಲಕ್ಕೆ ಮೊದಲು ತಾಗುವುದು ಆ ಉದ್ದನೆಯದು, ರಿಂಗ್, ಆ ಐದು ಬೆರಳು, ನೆಲ, ಆ ಐದು ಬೆರಳು