ಕಡೆದ ಸಮುದ್ರ

"ನಿನ್ನ ಕೈ ಸುಮ್ಮನ ಇರಂಗಿಲ್ಲೇನ ಅತ್ತಿ? ಸಮುದ್ರದ ನೀರಿಗೆ ಯಾರರೆ ಕಡಗೋಲು ಹಾಕ್ತಾರ?" ಎಂದು ಮಾನ್ಯಾ ರೇಗಿದಳು.

"ನೀ ಊರಿಗೆ ಹೋದ ಮರುದಿನ ನೋಡಿದೆ, ಮ್ಯಾಲ ತಿಳಿ, ತಳಕ್ಕ ಬಗ್ಗಡ. ಹಳೀ ಮಜ್ಜಿಗಿ ಅನ್ಕೊಂಡೆ, ಕಡದೆ. ಇನ್ನೊಂದನ್ನೂ ಕಡೀತಿದ್ದೆ, ಅಷ್ಟರಾಗ ಕುಕ್ಕರ್ ಸೀಟಿ ಹೊಡೀತು," ಎಂದು ಗದಿಗೆಮ್ಮ ತಿರುಗಿಬಿದ್ದಳು.

ಲಿಂಗಂಪಲ್ಲಿಯ ಆ ಮನೆಯ ಕಿಟಕಿಯಲ್ಲಿ ಅಣ್ಣನ ಮಗಳು ಮಾನ್ಯಾ ಎರಡು ಗಾಜಿನ ಜಾಡಿ ಇಟ್ಟು ಮದುವೆಗೆಂದು ವಿಜಯಪುರಕ್ಕೆ ಹೋಗಿದ್ದವಳು ಹತ್ತು ದಿನದ ಮೇಲೆ ಬೆಳಿಗ್ಗೆಯಷ್ಟೇ ಮರಳಿದ್ದಳು. ಎರಡರಲ್ಲೂ ಕೆಳಗೆ ಕೆಸರಿನ ಸಮೇತ ಹೆಚ್ಚು ಉಪ್ಪಿನ ಭಾರದ ನೀರು, ಮೇಲೆ ಹಗುರಾದ ನೀರು. ಒಂದಕ್ಕೊಂದು ಬೆರೆಯದೆ ನಿಂತರೆ ಮೇಲೊಂದು ಜಾತಿಯ ಬ್ಯಾಕ್ಟೀರಿಯಾ, ಕೆಳಗೆ ಬೇರೆಯೇ ಜಾತಿ. ಅದನ್ನು ನೋಡಲು ಅವಳ ಸಂಶೋಧನೆಗೆ ದಾರಿ ತೋರಿಸುವ ಮೇಡಂ ಮೃಣಾಲಿನಿ ಇವತ್ತೇ ಬರುವವರಿದ್ದರು. ಬಂಗಾಳ ಕೊಲ್ಲಿಗೆ ಹೊರಟ ಸಂಶೋಧನಾ ಹಡಗಿನಲ್ಲಿ ಒಂದೇ ಜಾಗ ಉಳಿದಿತ್ತು. ಮಾನ್ಯಾಳಿಗೆ ಸಿಗಬೇಕು, ಇಲ್ಲವೇ ಅವಳ ಜೊತೆಯ ಸೂರಜ್‌ಗೆ.

ಮಾನ್ಯಾ ಕಡೆದ ಜಾಡಿಯನ್ನು ಬಚ್ಚಲಿನಲ್ಲಿ ಬಚ್ಚಿಟ್ಟು ಕಣ್ಣೊರೆಸಿಕೊಂಡಳು. ಗದಿಗೆಮ್ಮ ಅದನ್ನು ಕಂಡಳು. ಮೇಡಂ ಒಳಗೆ ಕಾಲಿಟ್ಟದ್ದೇ ತಡ, ಜಾಡಿಯನ್ನು ಎತ್ತಿ ತಂದು ಎದುರಿಗೆ ಕುಕ್ಕಿದಳು.

"ನಾನ ಕಡದೀನ್ರಿ. ಬೈಯೋದಿದ್ರ ನನ್ನ ಬೈರಿ. ಹುಡುಗೀದು ಏನೂ ತಪ್ಪಿಲ್ಲ."

ಮೃಣಾಲಿನಿ ಬೈಯಲಿಲ್ಲ. ಜಾಡಿಯನ್ನು ಬೆಳಕಿಗೆ ಹಿಡಿದರು. ನೀರೆಲ್ಲ ಹಸಿರಾಗಿತ್ತು. ಪಕ್ಕದ ಜಾಡಿಯ ಮೇಲಿನ ನೀರು ಮಾತ್ರ ಹಾಗೇ ತಿಳಿಯಾಗಿತ್ತು.

"ಯಾಕೆ ಹೀಗಾಯ್ತು ಹೇಳು."

ಮಾನ್ಯಾ ಎರಡನ್ನೂ ನೋಡಿದಳು. ಮತ್ತೆ ನೋಡಿದಳು. ಅಳು ಎಲ್ಲಿಗೋ ಹೋಯಿತು.

"ತಳದಾಗಿನ ಆಹಾರ ಮ್ಯಾಲ ಬಿಸಿಲಿಗೆ ಬಂದೈತ್ರಿ. ಹಸಿರು ಬ್ಯಾಕ್ಟೀರಿಯಾಕ್ಕ ಹಬ್ಬ ಆಗಿ, ಉಳಿದವನ್ನೆಲ್ಲ ಮೂಲಿಗೆ ತಳ್ಳ್ಯಾವು. ಬಿರುಗಾಳಿ ಎದ್ದು ನೀರು ಕಲಕಿದಾಗ ಸಮುದ್ರದಾಗೂ ಹಿಂಗ ಆಗತೈತಿ. ನಿಂತ ಸಮುದ್ರ ಅದು, ಕಲಕಿದ್ದು ಇದು."

"ಸರಿ. ಈ ಮನೇಲಿ ಬಿರುಗಾಳಿ ಯಾರು?"

"ನಮ್ಮತ್ತಿರಿ."

ಮೇಡಂ ನಕ್ಕ ನಗುವಿಗೆ ಗದಿಗೆಮ್ಮನೂ ಸಿಟ್ಟು ಮರೆತು ನಕ್ಕುಬಿಟ್ಟಳು.

"ಸಂಜೆ ವಿಶಾಖಪಟ್ಟಣದ ರೈಲು, ಹಡಗು ಅಲ್ಲಿಂದಲೇ ಹೊರಡುತ್ತೆ. ಬಟ್ಟೆ ತುಂಬಿಕೋ," ಎಂದರು ಮೃಣಾಲಿನಿ.

ಮಾನ್ಯಾ ಕೈಗೆ ಸಿಕ್ಕ ಬಟ್ಟೆಯನ್ನೆಲ್ಲ ಚೀಲಕ್ಕೆ ತುರುಕಿದಳು. ಅತ್ತೆಯ ಕೆನ್ನೆ ಗಟ್ಟಿಯಾಗಿ ಹಿಂಡಿ ಮೆಟ್ಟಿಲಿಳಿದಳು.

"ಉಂಡು ಹೋಗ, ಏ ಮಾನ್ಯಾ," ಎಂದು ಗದಿಗೆಮ್ಮ ಬಾಲ್ಕನಿಯಿಂದ ಕೂಗಿದಳು. ಹುಡುಗಿ ಕೈ ಬೀಸಿದಳೇ ಹೊರತು ತಿರುಗಿ ಬರಲಿಲ್ಲ.