ಕಳಸದ ಟೋಪಿಯವರು

ನಮ್ಮ ಟೆಂಟಿನಲ್ಲಿ ಈವರೆಗೆ ಆಡಿದ ಯುದ್ಧದ ಪಿಕ್ಚರುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು ಅಂತ ಆದೋನಿಯ ಜನರೇ ಆರಿಸಲಿ, ಈ ಊರಿನ ಕಡೇ ದಿನ ಅದನ್ನೇ ಹಾಕೋಣ ಎಂದು ಟೆಂಟಿನ ಸಾವ್ಕಾರ ಶ್ರೀರಾಮುಲು ಹೇಳಿದಾಗ ನಾನು ಪರದೆಯ ಹಗ್ಗ ಬಿಗಿಯುತ್ತಿದ್ದೆ. ಕೇಳಿದ್ದೇ ಹಗ್ಗ ಬಿಟ್ಟುಬಿಟ್ಟೆ. ಪರದೆ ಕುಸಿದು ಅವನ ತಲೆಯ ಮೇಲೆ ಬಿತ್ತು.

“ಒರೇಯ್ ಉಚ್ಚೀರಪ್ಪಾ, ಬೇಕಂತಲೇ ಬಿಟ್ಟಿ ಗದಾ,” ಎಂದ ಬಟ್ಟೆಯ ಒಳಗಿನಿಂದ.

“ಜನಕ್ಕೇನು ಗೊತ್ತಾಗತೈತಿ ಸಾವ್ಕಾರ್ರೆ? ಪಿಕ್ಚರ್ ಹೇಳಾವ ನಾನು. ನನ್ನ ಕೇಳ್ರಿ.”

“ನಿನ್ನ ಕೇಳಿದ್ರ ನಿನಗ ಬೇಕಾದ್ದು ಹೇಳ್ತಿ. ಅದಕ್ಕೇ ಜನಾನ್ನ ಕೇಳೋದು.”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮವು ಮೂಕಿ ಪಿಕ್ಚರುಗಳು. ಪರದೆಯ ಮೇಲೆ ಜನ ಬಾಯಿ ಆಡಿಸುತ್ತಾರೆ, ಮಾತು ಬರುವುದಿಲ್ಲ. ನಡುನಡುವೆ ಬರುವ ಅಕ್ಷರಗಳನ್ನು ಓದುವವರು ಆದೋನಿಯಲ್ಲಿ ಹತ್ತು ಮಂದಿ ಇದ್ದರೆ ಹೆಚ್ಚು. ಹಾಗಾಗಿ ಪರದೆಯ ಪಕ್ಕದಲ್ಲಿ ಒಬ್ಬ ನಿಂತು ಏನು ನಡೆಯುತ್ತಿದೆ ಅಂತ ಕೂಗಿ ಹೇಳಬೇಕು. ಆ ಒಬ್ಬ ನಾನು. ನನಗೂ ಆ ಅಕ್ಷರ ಬರುವುದಿಲ್ಲ. ಮೂರನೇ ಕ್ಲಾಸಿನಲ್ಲಿ ಮೇಷ್ಟ್ರ ಬೆತ್ತ ಕಿತ್ತು ಬಾವಿಗೆ ಎಸೆದ ದಿನವೇ ನನ್ನ ಓದು ಮುಗಿದಿತ್ತು. ಆದರೆ ನಮ್ಮೂರು ಪೆದ್ದಹರಿವಾಣದ ಗುಡ್ಡದಲ್ಲಿ ಕುರಿ ಕಾಯುತ್ತ ಈ ಗುಡ್ಡದಿಂದ ಆ ಗುಡ್ಡಕ್ಕೆ ಕೂಗಿ ಕೂಗಿ ಗಂಟಲು ತಯಾರಾಗಿತ್ತು. ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತಿದ್ದೆ, ಯಾರಿಗೂ ಅರ್ಥವಾಗಲಿಲ್ಲ ಅನ್ನುವಂತಿರಲಿಲ್ಲ.

ಈಗ ಬಳ್ಳಾರಿಯಿಂದ ಟಾಕಿ ಮಷೀನು ಬಂದು ಕೂತಿತ್ತು, ಬಾಡಿಗೆಗೆ. ಜೊತೆಗೆ ಒಂದು ಹಿಂದಿ ಯುದ್ಧದ ಟಾಕಿ. ಅದರಲ್ಲಿ ಕತ್ತಿಯೂ ಮಾತಾಡುತ್ತಿತ್ತು, ಕುದುರೆಯೂ ಮಾತಾಡುತ್ತಿತ್ತು. ನಾನು ಮಾತ್ರ ಮೂಲೆಯಲ್ಲಿ ಕೂತು ಬೀಡಿ ಸೇದುತ್ತಿದ್ದೆ.

“ಎರಡು ಮಷೀನು ಸಾಕೋಕೆ ನಾನೇನು ನವಾಬನಾ?” ಎಂದ ಶ್ರೀರಾಮುಲು, ಪರದೆಯಿಂದ ತಲೆ ಹೊರಗೆ ಹಾಕಿ. “ಜನ ಟಾಕಿ ಆರಿಸಿದ್ರ ಟಾಕಿ ನಮ್ಮ ಬಂಡಿ ಹತ್ತತೈತಿ, ನೀನು ಊರಿಗೆ ಹೋಗಿ ಕುರಿ ನೋಡ್ಕೋ. ಮೂಕಿ ಆರಿಸಿದ್ರ ಟಾಕಿ ವಾಪಸ್ ಬಳ್ಳಾರಿಗೆ, ನೀನು ನನ್ನ ಸಂಗಡ ಮುಂದಿನೂರು ಕೋಸಗಿಗೆ. ಅಷ್ಟೇರಾ.”

ಮಾತು ಮುಗಿಯುವಷ್ಟರಲ್ಲಿ ನಾನು ಮನಸ್ಸಿನಲ್ಲಿ ಆರಿಸಿಯಾಗಿತ್ತು. ಯುದ್ಧದ ಪಿಕ್ಚರ್ ಅಂದರೆ ನಮ್ಮ ಹದಿನೆಂಟು ದಿನದ ಯುದ್ಧ. ಬಾಣಕ್ಕೆ ಬಾಣ ಆಕಾಶದಲ್ಲಿ ಡಿಕ್ಕಿ ಹೊಡೆದು ಬೆಂಕಿ ಉಗುಳುತ್ತದೆ, ಶಂಖ ಊದುತ್ತಾರೆ, ರಥದ ಗಾಲಿ ನೆಲದಲ್ಲಿ ಹೂತುಹೋಗುತ್ತದೆ. ಅದನ್ನು ಹೇಳುವಾಗ ನಾನು ಯಾರೆಂಬುದು ನನಗೇ ಮರೆತುಹೋಗುತ್ತಿತ್ತು. ಎರಡನೆಯದು ಕೋಟೆಯ ಯುದ್ಧ. ಉಡಕ್ಕೆ ಹಗ್ಗ ಕಟ್ಟಿ ಗೋಡೆ ಹತ್ತುವ ತನಕ ಚೆನ್ನಾಗಿತ್ತು, ಆಮೇಲೆ ರಾಣಿ ಅಳುತ್ತ ಕೂತುಬಿಡುತ್ತಾಳೆ.

ಇನ್ನೊಂದು ಇತ್ತು. ಅದರ ಹೆಸರು ಎತ್ತಿದರೆ ನನ್ನ ಮೈ ಉರಿಯುತ್ತಿತ್ತು.

ಅದು ದೊರೆಗಳ ದೇಶದ ಯುದ್ಧ. ಎರಡೂ ಕಡೆ ಬಿಳಿಯರೇ, ಎರಡೂ ಕಡೆ ಮಣ್ಣು ಮೆತ್ತಿದ ಅಂಗಿ, ಎಲ್ಲರೂ ಉದ್ದುದ್ದ ಕಾಲುವೆ ತೋಡಿ ಅದರೊಳಗೆ ಇಳಿದಿರುತ್ತಾರೆ. ನಮ್ಮ ಕಡೆ ಪರದೆಯ ಮೇಲೆ ಯಾರೇ ಹೊಡೆದಾಡಲಿ, ಜನ ಮೊದಲು ಕೇಳುವುದು ಒಂದೇ, ನಮ್ಮೋರು ಯಾರು ಅಂತ. ಅದು ಗೊತ್ತಾಗದೆ ಚಪ್ಪಾಳೆ ಹೊಡೆಯುವುದು ಹೇಗೆ? ಮೊದಲ ಸಲ ಅದನ್ನು ಹಾಕಿದ ಸಂಜೆ ಪ್ರಶ್ನೆ ಬಂದೇ ಬಂತು. ನಾನು ನೋಡಿದೆ. ಒಂದು ಕಡೆಯವರದು ಚಪ್ಪಟೆ ಟೋಪಿ. ಇನ್ನೊಂದು ಕಡೆಯವರ ಟೋಪಿಯ ನೆತ್ತಿಯಲ್ಲಿ ಮೊನೆ ಇತ್ತು, ಥೇಟು ಗುಡಿಯ ಶಿಖರದ ಮೇಲಿನ ಕಳಸ. ತಲೆಯ ಮೇಲೆ ಕಳಸ ಇಟ್ಟುಕೊಂಡವರು ನಮ್ಮವರಲ್ಲದೆ ಮತ್ತಾರು? “ಕಳಸದ ಟೋಪಿಯೋರು ನಮ್ಮೋರು,” ಎಂದು ಕೂಗಿಬಿಟ್ಟೆ.

ಐದು ರೀಲಿನ ತನಕ ಟೆಂಟು ಹಾರಿಹೋಗುವಷ್ಟು ಶಿಳ್ಳೆ. ಆರನೇ ರೀಲಿನಲ್ಲಿ ಕಳಸದವರು ಸಾಯತೊಡಗಿದರು. ಒಬ್ಬಿಬ್ಬರಲ್ಲ, ಸಾಲಿಗೆ ಸಾಲು. ಬಂಡಿ ಹೊಡೆಯುವ ಭೀಮಲಿಂಗಪ್ಪ ಮುಂದಿನ ನೆಲದ ಮೇಲಿಂದ ಎದ್ದು, “ಲೇ, ನಮ್ಮೋರು ಯಾಕ ಸಾಯಾಕತ್ಯಾರಲೇ?” ಎಂದ. ನನಗೇನು ಗೊತ್ತು? ಬಾಯಿ ಕಟ್ಟಿತು. ಮಿಕ್ಕಿದ್ದೆಲ್ಲ ಮೂಕಿಯಾಗಿಯೇ ಓಡಿತು. ಮರುದಿನ ಹತ್ತಿ ಬಜಾರಿನಲ್ಲಿ ನನ್ನನ್ನು ಕಂಡವರೆಲ್ಲ ಬಾಯಿಯ ಮೇಲೆ ಕೈ ಇಟ್ಟುಕೊಂಡು ಹೋದರು. ಇಬ್ಬರ ಕೊರಳಪಟ್ಟಿ ಹಿಡಿದೆ, ಮೂರನೆಯವನು ಪೈಲ್ವಾನನಾಗಿದ್ದ.

ಆರಿಸುವ ದಿನಕ್ಕೆ ಮೊದಲು ನಾನು ಸುಮ್ಮನೆ ಕೂರಲಿಲ್ಲ. ಬಂಡಿಯವರ ಅಡ್ಡೆಗೆ ಹೋಗಿ ಹದಿನೆಂಟು ದಿನದ ಯುದ್ಧಕ್ಕೆ ಕೂಗಿರಿ ಅಂದೆ. ಭೀಮಲಿಂಗಪ್ಪ ನಕ್ಕ, ಒಪ್ಪಿದ. ಆದೋನಿಯಲ್ಲಿ ನಾನು ಉಳಿದಿದ್ದ ಅಕ್ಕ ಗಾದಿಲಿಂಗಮ್ಮನ ಮನೆಗೆ ಬಂದು ಆಕೆಯನ್ನು ಹಿಡಿದೆ. ಆಕೆ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಆರಿಸುವ ಕೆಲಸದವಳು. ಆಕೆ ಒಂದು ಮಾತು ಹೇಳಿದರೆ ಅಲ್ಲಿಯ ಹೆಂಗಸರೆಲ್ಲ ಹೇಳಿದಂತೆ.

“ಅಕ್ಕಾ, ನಿಮ್ಮ ಮಂದಿ ಪೂರಾ ನನ್ನ ಕಡೆ ಕೂಗಬೇಕು ನೋಡು.”

“ಕೂಗೋದೇನು ದೊಡ್ಡದಲ್ಲ ತಮ್ಮಾ. ಮೊದಲು ರೊಟ್ಟಿ ತಿನ್ನು. ಸಿಟ್ಟು ಹೊಟ್ಟಿ ತುಂಬಸತೈತೇನು?”

“ನನಗೇನು ಸಿಟ್ಟಿಲ್ಲ.”

“ಮತ್ತ ತಾಟು ಯಾಕ ಕುಟ್ಟತಿ?”

ಆರಿಸುವ ಸಂಜೆ ರೀಲು ಬದಲಿಸುವ ನಡುವೆ ಶ್ರೀರಾಮುಲು ಪೆಟ್ಟಿಗೆ ಹತ್ತಿ ನಿಂತ. ಟಾಕಿ ಬೇಕಾದವರು ಕೂಗಿರಿ ಅಂದ. ಮಿಲ್ಲಿನ ಪಡ್ಡೆ ಹುಡುಗರು ಎದ್ದು ಕೂಗಿದರು. ಹದಿನೆಂಟು ದಿನದ ಯುದ್ಧ ಅಂದಾಗ ಬಂಡಿಯವರು ಕೂಗಿದರು, ಎತ್ತು ಬೆದರುವ ಹಾಗೆ. ಸರಿಸಮ. ಶ್ರೀರಾಮುಲು ಕಿವಿಯಲ್ಲಿ ಬೆರಳಾಡಿಸುತ್ತ ಆ ಕಡೆ ಈ ಕಡೆ ನೋಡಿದ. ಹೆಂಗಸರ ಕಡೆ ಅಡ್ಡ ಕಟ್ಟಿದ ಬಟ್ಟೆಯ ಆಚೆ ಸದ್ದೇ ಇಲ್ಲ. ಅಕ್ಕಾ, ಈಗ, ಎಂದು ಹಲ್ಲು ಕಚ್ಚಿ ಕಾದೆ.

ಬಟ್ಟೆಯ ಮೇಲಿಂದ ಅಕ್ಕನ ತಲೆ ಕಂಡಿತು. ಏನನ್ನೋ ಹತ್ತಿ ನಿಂತಿದ್ದಳು.

“ಆ ಕಳಸದ ಟೋಪಿಯೋರದು ಹಾಕ್ರಿ ಸಾವ್ಕಾರ್ರೆ,” ಎಂದಳು. “ಹದಿನೆಂಟು ದಿನದ ಯುದ್ಧದಾಗ ಯಾರು ಸಾಯ್ತಾರಂತ ನಾವು ಹುಟ್ಟಿದಾಗಿಂದ ಬಲ್ಲಿವಿ. ಟಾಕಿಯೋರು ಏನು ಒದರ್ತಾರೋ ಅವರಿಗೇ ಗೊತ್ತು. ಕಳಸದೋರು ಯಾಕ ಸತ್ರು ಅಂತ ನಮಗ ಒಬ್ಬರೂ ಹೇಳಲಿಲ್ಲ. ನಮ್ಮೋರು ಅಂತ ಹೇಳಿ, ಸಾಯೋ ಹೊತ್ತಿನಾಗ ನನ್ನ ತಮ್ಮ ಬಾಯಿ ಮುಚ್ಚಿಬಿಟ್ಟ. ಅದನ್ನ ಹೇಳಲಿ ಮೊದಲು.”

ಹೆಂಗಸರ ಕಡೆಯಿಂದ ಹೌದ್ಹೌದು ಎಂದು ಎದ್ದ ಸದ್ದಿಗೆ ಬಂಡಿಯವರೂ ಸೇರಿಕೊಂಡರು. ಭೀಮಲಿಂಗಪ್ಪನ ದನಿ ಎಲ್ಲರಿಗಿಂತ ಮೇಲಿತ್ತು. ಮಿಲ್ಲಿನ ಹುಡುಗರು ಕೂಡ ನನ್ನ ಮರ್ಯಾದೆ ಹೋಗುವುದನ್ನು ನೋಡುವ ಆಸೆಗೆ ಕೂಗಿದರು.

ಮನೆಯಲ್ಲಿ ಅಕ್ಕನೊಡನೆ ಜಗಳವಾಡಿದೆ. “ನೀನು ಅಕ್ಕನೋ ವೈರಿನೋ?” ಅಂದೆ. ಆಕೆ, “ಎರಡೂ,” ಎಂದು ದೀಪ ಆರಿಸಿ ಮಲಗಿದಳು.

ಶ್ರೀರಾಮುಲು ಬೆಳಗ್ಗೆ ಚಹಾ ಕೊಡಿಸಿ ಮೆತ್ತಗೆ ಹೇಳಿದ: “ಮೂಕಿನೇ ಗೆದ್ದೈತಿ, ಒಪ್ತೀನಿ. ಆದರ ಮತ್ತ ನೀನು ಆರನೇ ರೀಲಿನಾಗ ಬಾಯಿ ಮುಚ್ಚಿದರ, ಅಲ್ಲಿಗೆ ಆಯ್ತು ಚೂಡು. ಟಾಕಿ ಬಾಯಿ ಮುಚ್ಚಂಗಿಲ್ಲ.”

ಕಡೇ ದಿನ ಕೂರಲು ಜಾಗವಿರಲಿಲ್ಲ. ಪೆದ್ದಕಡುಬೂರಿನಿಂದ ಬಂಡಿ ಕಟ್ಟಿಕೊಂಡು ಬಂದಿದ್ದರು. ಬೆಳಕು ಪರದೆಗೆ ಬಿದ್ದದ್ದೇ ತಡ, ಕತ್ತಲಿನಲ್ಲಿ ಭೀಮಲಿಂಗಪ್ಪ ಕೇಳಿದ, “ಹೇಳು, ಈ ಸಲ ನಮ್ಮೋರು ಯಾರು?”

ಚಪ್ಪಟೆ ಟೋಪಿಯವರು ಅಂದುಬಿಟ್ಟರೆ ಮುಗಿಯಿತು, ಗೆಲ್ಲುವವರು ಅವರೇ. ಬೆಳಗಿನಿಂದ ಅದನ್ನೇ ಬಾಯಲ್ಲಿ ಇಟ್ಟುಕೊಂಡಿದ್ದೆ. ಆದರೆ ಪರದೆಯ ಮೇಲೆ ಕಳಸದವನೊಬ್ಬ ಕಾಲುವೆಯ ಅಂಚಿನಿಂದ ಇಣುಕಿದ. ಎದುರುಗಡೆ ಚಪ್ಪಟೆ ಟೋಪಿಯವನೂ ಹಾಗೇ ಇಣುಕಿದ. ನಡುವೆ ಒಂದು ತುಂಡು ನೆಲ. ಇಂಥ ಇಣುಕಾಟವನ್ನು ನಾನು ಪೆದ್ದಹರಿವಾಣದ ಹೊಲಗಳಲ್ಲಿ ನೋಡಿದ್ದೆ. ನಮ್ಮ ದೊಡ್ಡಪ್ಪ ಬದುವಿನ ಆಚೆಯಿಂದ ನಮ್ಮ ಹೊಲಕ್ಕೆ ಹೀಗೇ ಇಣುಕುತ್ತಿದ್ದ.

“ಎರಡೂ ಕಡೆ ನಮ್ಮೋರೇ,” ಎಂದೆ. “ದಾಯಾದಿಗಳು. ಅಣ್ಣನ ಮಕ್ಕಳು ಕಳಸದೋರು, ತಮ್ಮನ ಮಕ್ಕಳು ಚಪ್ಪಟೆಯೋರು. ಬದುವಿನ ಜಗಳ.”

ಹಿಂದಿನಿಂದ ಯಾರೋ, “ಬದು ಒತ್ತಿದೋರು ಯಾರು?” ಎಂದರು.

“ಅದಾ ಗೊತ್ತಿಲ್ಲ. ಇವರು ಅವರನ್ನ ಅಂತಾರ, ಅವರು ಇವರನ್ನ ಅಂತಾರ. ಅದಕ್ಕೇ ಇಬ್ಬರೂ ಬದುವಿಗೆ ಕಾಲುವಿ ತೋಡಿ ಕುಂತಾರ.”

“ಊರಾಗ ಹಿರೇರು ಇದ್ದಿಲ್ಲೇನು, ಪಂಚಾಯ್ತಿ ಮಾಡಾಕ?”

ಆಗ ಸರಿಯಾಗಿ ಪರದೆಯ ಮೇಲೆ ಮೀಸೆಯ ದೊರೆಗಳು ಬಂದರು. ದೊಡ್ಡ ಮೇಜು, ಅದರ ಮೇಲೆ ಹರವಿದ ನಕ್ಷೆ, ಒಬ್ಬ ಕೋಲಿನಿಂದ ಗೆರೆ ಎಳೆದು ತೋರಿಸುತ್ತಿದ್ದಾನೆ. ಹೋದ ಸಲ ಈ ಜಾಗದಲ್ಲಿ ಏನು ಹೇಳಬೇಕೆಂದು ತಿಳಿಯದೆ ಕೆಮ್ಮಿದ್ದೆ.

“ಅಕಾ, ಬಂದರು ನೋಡ್ರಿ. ಸರ್ವೆ ನಕ್ಷೆ ಹಾಸಿಕೊಂಡು ಕುಂತಾವ ಕರಣಂ. ಒಂದು ಸಲ ಗೆರಿ ಈ ಕಡೆ ಎಳಿತಾನ, ಒಂದು ಸಲ ಆ ಕಡೆ. ಮಳಿ ಇಲ್ಲ, ಗಾಳಿ ಇಲ್ಲ, ಕುರ್ಚಿ ಮ್ಯಾಲ ಕುಂತು ಬಿಸಿಬಿಸಿ ಕುಡಿಯಾಕತ್ಯಾನ.”

ಹೊಲದ ಲೆಕ್ಕ ಬರೆಯುವ ಕರಣಮ್ಮಿನ ಮಾತು ಬಿದ್ದದ್ದೇ ಸಾಕು, ಪೆದ್ದಕಡುಬೂರಿನವರು ಎದ್ದು ನಿಂತು ಬೈಯತೊಡಗಿದರು. ಅವರ ಊರಿನ ಕರಣಮ್ಮಿನ ಹೆಸರೂ ಬಂತು, ಅವನ ತಾತನ ಹೆಸರೂ ಬಂತು. ಯಾರೋ ಪರದೆಗೆ ಶೇಂಗಾ ಸಿಪ್ಪೆ ಎಸೆದರು. ಶ್ರೀರಾಮುಲು ಮಷೀನಿನ ಹಿಂದಿನಿಂದ ತಲೆಯ ಮೇಲೆ ಕೈ ಹೊತ್ತು ನೋಡುತ್ತಿದ್ದ.

ಆರನೇ ರೀಲು ಬಂತು. ಕಳಸದವರು ಬೀಳತೊಡಗಿದರು. ಸರಿಯಾಗಿ ನೋಡಿದರೆ ಚಪ್ಪಟೆ ಟೋಪಿಯವರೂ ಬೀಳುತ್ತಿದ್ದರು. ಹೋದ ಸಲ ಅವರನ್ನು ಯಾರೂ ಗಮನಿಸಿರಲಿಲ್ಲ, ನಾನೂ ಗಮನಿಸಿರಲಿಲ್ಲ. ಈಗ ಒಬ್ಬೊಬ್ಬರನ್ನೇ ಹೇಳಿದೆ. ಹೆಸರು ಗೊತ್ತಿರಲಿಲ್ಲ, ಹಾಗಾಗಿ ಅಣ್ಣನ ಹಿರೇ ಮಗ, ತಮ್ಮನ ನಡುವಿನ ಮಗ, ಹೋದ ವರ್ಷ ಮದುವೆಯಾದವನು, ಸಣ್ಣವರಿದ್ದಾಗ ಒಂದೇ ತಾಟಿನಲ್ಲಿ ಉಂಡವರು, ಹೀಗೆ ಬಾಯಿಗೆ ಬಂದಂತೆ ಹೇಳುತ್ತ ಹೋದೆ. ಹದಿನೆಂಟು ದಿನದ ಯುದ್ಧದಲ್ಲಿ ಕೂಗುವ ಹಾಗೆ ಕೂಗಲಿಲ್ಲ. ಆದರೂ ಹಿಂದಿನ ಸಾಲಿನ ತನಕ ಕೇಳಿಸಿತಂತೆ. ಅಡ್ಡಬಟ್ಟೆಯ ಆಚೆ ಮೂಗೇರಿಸುವ ಸದ್ದು ಶುರುವಾಯಿತು.

ಕೊನೆಗೆ ಚಪ್ಪಟೆಯವರು ಕಾಲುವೆಯಿಂದ ಮೇಲೆ ಬಂದು ಬಾವುಟ ನೆಟ್ಟರು.

“ಗೆದ್ರು,” ಎಂದೆ. “ಹೊಲ ಅವರದಾತು. ಬಿತ್ತಾಕ ಮಣ್ಣು ಎಲ್ಲೈತಿ ನೋಡ್ರಿ, ಪೂರಾ ಗುಂಡಿ. ಹಸನು ಮಾಡಬೇಕಂದ್ರ ಆಳು ಎಲ್ಲದಾರ.”

“ಎರಡು ಮಳಿ ಹೋಗಬೇಕು,” ಎಂದ ಭೀಮಲಿಂಗಪ್ಪ. ಪಕ್ಕದವನು, “ಎರಡಕ್ಕ ಆಗಂಗಿಲ್ಲ, ಮೂರಾದ್ರೂ ಬೇಕು,” ಎಂದ. ಬೆಳಕು ಹಾಕಿದ ಮೇಲೂ ಅವರಿಬ್ಬರು ಆ ನೆಲದ ವಿಚಾರ ಬಿಡಲಿಲ್ಲ. ಮಿಲ್ಲಿನ ಹುಡುಗರು ನನ್ನ ಕಡೆ ನೋಡದೆ ಹೊರಗೆ ಹೋದರು. ಅಷ್ಟು ಮರ್ಯಾದೆ ಸಾಕಿತ್ತು.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದಳು. ಕಣ್ಣು ಕೆಂಪಗಿತ್ತು, ಮುಖ ಮಾತ್ರ ಹಬ್ಬದ ಊಟ ಉಂಡವಳಂತಿತ್ತು. “ಚಂದ ಅತ್ತಿವಿ ನೋಡು ಇವತ್ತು,” ಎಂದಳು. “ಇದಾ ದೊಡ್ಡ ಯುದ್ಧದ ಪಿಕ್ಚರ್. ಇದರ ಮುಂದ ಮಿಕ್ಕಿದ್ದೆಲ್ಲ ಬರೀ ಬಡಿದಾಟ.”

“ಹದಿನೆಂಟು ದಿನದ್ದೇ ದೊಡ್ಡದು,” ಅಂದೆ.

“ಹೌದು ಬಿಡಪಾ, ನಿನ್ನದೇ ದೊಡ್ಡದು,” ಎಂದು ನನ್ನ ಕೈಗೆ ಬೆಲ್ಲ, ಹುರಿಗಡಲೆ ಸುರಿದಳು. ಸಿಟ್ಟು ಮಾಡಿಕೊಳ್ಳಬೇಕೆಂದೇ ನಿಂತಿದ್ದೆ, ಬಾಯಿ ತುಂಬಿಹೋಯಿತು.

ಬೆಳಗ್ಗೆ ಟಾಕಿ ಮಷೀನನ್ನು ಸ್ಟೇಷನ್ನಿಗೆ ಸಾಗಿಸಿದೆವು. ಇಳಿಸುವಾಗ ಶ್ರೀರಾಮುಲು, “ಮೆಲ್ಲಗೆರಾ, ಬಾಡಿಗೆಯದು,” ಎಂದು ಮೂರು ಸಲ ಹೇಳಿದ. ನಾನು ಮೆಲ್ಲಗೇ ಇಳಿಸಿದೆ. ನಮ್ಮ ಟೆಂಟು, ಪರದೆ, ಮೂಕಿ ಮಷೀನು ಭೀಮಲಿಂಗಪ್ಪನ ಬಂಡಿ ಹತ್ತಿದವು. ಕೋಸಗಿಯ ದಾರಿ ಹಿಡಿದ ಮೇಲೆ ನಾನು ಬಾಯಿ ಬಿಟ್ಟೆ.

“ಅಲ್ಲಿ ಮೊದಲನೇ ದಿನ ಹದಿನೆಂಟು ದಿನದ ಯುದ್ಧ ಹಾಕ್ರಿ.”

“ಊಹೂಂ, ಕಳಸದೋರದೇ,” ಎಂದ ಶ್ರೀರಾಮುಲು ಪರದೆಯ ಸುರುಳಿಗೆ ಒರಗಿಕೊಂಡು. “ಕೋಸಗಿಯೋರಿಗೆ ಬದುವಿನ ಜಗಳ ಆದೋನಿಯೋರಿಗಿಂತ ಜಾಸ್ತಿ.”

“ಹಂಗಾದ್ರ ಅಲ್ಲಿ ಹೊಡೆದಾಟ ಆಗತೈತಿ ಸಾವ್ಕಾರ್ರೆ.”

“ಆಗ್ಲಿ,” ಎಂದ ಭೀಮಲಿಂಗಪ್ಪ ಎತ್ತಿನ ಬಾಲ ಮುರಿಯುತ್ತ. “ಎರಡೂ ಕಡೆ ನಮ್ಮ ಬೀಗರೇ ಅದಾರ.”