ಐದು ಕಲ್ಲುಮೆಟ್ಟಿಲು

ಹಳದಿ ದಾರ ಗಾಳಿಗೆ ನಡುಗುತ್ತಿದೆ, ಬಾಗಿಲಿಂದ ರಸ್ತೆಯ ತನಕ ಗೂಟ ಹೊಡೆದು ಬಿಗಿದ ದಾರ, ಗಾಲಿಕುರ್ಚಿಗೆ ಇಳಿಜಾರು ಹಲಗೆ ಹಾಕಿದರೆ ಇಷ್ಟು ಎತ್ತರ ಕಾಣುತ್ತದೆ ಎಂದು ತೋರಿಸಲು ಲೆನೋರ್ ಬೆಳಿಗ್ಗೆಯೇ ಕಟ್ಟಿದ್ದು, ಈ ಬಡಾವಣೆಯಲ್ಲಿ ಯಾರು ಏನು ಕಟ್ಟಬೇಕಾದರೂ ಮೊದಲು ದಾರ, ಆಮೇಲೆ ಸಮಿತಿಯವರು ರಸ್ತೆಯಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡುವುದು, ಆಮೇಲೆ ಕೈ ಎತ್ತುವುದು — ಅಪ್ಪನೇ ಮಾಡಿದ ಪದ್ಧತಿ, ಇವತ್ತಿಗೂ ಸಮಿತಿಯ ಸದಸ್ಯನಾದ ಆ ಅಪ್ಪ ಈಗ ಆಸ್ಪತ್ರೆಯಿಂದ ಬಂದ ಕಾರಿನೊಳಗೇ ಕೂತಿದ್ದಾನೆ, ಎಡಗೈ ತೊಡೆಯ ಮೇಲೆ ಯಾರದೋ ಸಾಮಾನಿನ ಹಾಗೆ ಬಿದ್ದಿದೆ. ನೋಡಮ್ಮ, ಇವತ್ತು ಮನೆಯೊಳಗೆ ಕರ್ಕೊಂಡು ಹೋಗೋಕೆ ದಾರಿ ಆಗ್ಲಿಲ್ಲ ಅಂದ್ರೆ ನದಿಯಾಚೆ ವೃದ್ಧರ ಮನೇಲಿ ಮಂಚ ಹಿಡಿದಿಟ್ಟಿದ್ದೀವಿ, ಎಂದಿದ್ದಳು ನರ್ಸು. ಐದೇ ಐದು ಕಲ್ಲುಮೆಟ್ಟಿಲು, ಹಿಡಿಯಲು ಕಂಬಿಯಿಲ್ಲ, ಅದೊಂದು ದಾಟಿದರೆ ಸಾಕು, ಮಂಚ ನಡುಮನೆಗೇ ತಂದಾಗಿದೆ, ಮೇಲಿನ ಅರ್ಧ ಮಹಡಿಗಾಗಲಿ ಕೆಳಗಿನ ಅರ್ಧ ಮಹಡಿಗಾಗಲಿ ಅಪ್ಪ ಹೋಗಬೇಕಾಗಿಲ್ಲ. ಕೆಳಗಿನ ಕೋಣೆಯಲ್ಲಿ ಕೂತರೆ ಮೆಟ್ಟಿಲ ಹಲಗೆಗಳ ಸಂದಿನಿಂದ ನಡುಮನೆ ಕಾಣುತ್ತದೆ, ಲೆನೋರ್ ಚಿಕ್ಕವಳಿದ್ದಾಗ ಅಲ್ಲಿಂದಲೇ ಸಮಿತಿಯನ್ನು ನೋಡುತ್ತಿದ್ದಳು, ಮೊದಲು ಬೂಟುಗಳು, ಆಮೇಲೆ ಪ್ಯಾಂಟುಗಳು, ಎಲ್ಲದರ ಮೇಲೆ ಅಪ್ಪನ ಕೈ, ಮೊಣಕೈ ಬಾಗದ ಕೈ. ಮಿಸೆಸ್ ಪ್ರೂಯಿಟ್ ಗಂಡನ ಮಂಡಿನೋವಿಗೆ ಕಂಬಿ ಕೇಳಿದಾಗಲೂ ಬೇಡ ಎಂದು ಎದ್ದದ್ದು ಅದೇ ಕೈ, ಕಂಬಿ ಬಂದ್ರೆ ನಿಮ್ಮ ಮನೆ ಗುಡ್ಡದಲ್ಲಿ ಬೆಳೆದ ಹಾಗೆ ಕಾಣಲ್ಲಮ್ಮ, ಗುಡ್ಡಕ್ಕೆ ಕಟ್ಟಿಹಾಕಿದ ಹಾಗೆ ಕಾಣುತ್ತೆ, ಎಂದಿದ್ದ ಅಪ್ಪ, ಆ ಮುದುಕ ಎರಡು ಚಳಿಗಾಲ ಗೋಡೆ ಹಿಡಿದುಕೊಂಡೇ ಓಡಾಡಿ ತೀರಿಕೊಂಡ.

ಈಗ ಆ ಮಿಸೆಸ್ ಪ್ರೂಯಿಟ್ ಕೂಡ ಸಮಿತಿಯಲ್ಲಿದ್ದಾಳೆ, ತಲೆಗೆ ಸ್ಕಾರ್ಫು ಕಟ್ಟಿ ದಾರದ ಪಕ್ಕದಲ್ಲೇ ನಿಂತಿದ್ದಾಳೆ, ಹಳೆಯದನ್ನೆಲ್ಲ ಇವತ್ತು ತೀರಿಸಿಕೊಳ್ಳುತ್ತಾಳೇನೋ ಎಂದು ಲೆನೋರ್ ಅವಳ ಮುಖವನ್ನೇ ನೋಡುತ್ತಾಳೆ. ಅಧ್ಯಕ್ಷ ಹ್ಯಾಸ್ಕೆಟ್ ಕಾರಿನ ಕಿಟಕಿಗೆ ಬಗ್ಗುತ್ತಾನೆ, ಬೇಜಾರು ಮಾಡ್ಕೋಬೇಡ ಲೋವೆಲ್, ಮನೆಯ ಗೆರೆ ಕೆಡಬಾರ್ದು ಅಂತ ನಿನ್ನಿಂದಲೇ ಕಲಿತಿದ್ದು, ಎನ್ನುತ್ತಾನೆ — ನೀನು ಮನೆ ನೋಡೋದು ಕಲಿತೆ, ಮನುಷ್ಯರನ್ನ ನೋಡೋದು ಕಲೀಲಿಲ್ಲ, ಎನ್ನುತ್ತಾಳೆ ಮಿಸೆಸ್ ಪ್ರೂಯಿಟ್ ಹ್ಯಾಸ್ಕೆಟ್‌ಗೆ, ನಿನ್ನ ಅಡುಗೆಮನೆಯ ಆ ಗುಲಾಬಿ ಪರದೆಗೆ ಯಾವ ಸಮಿತಿ ಒಪ್ಪಿಗೆ ಕೊಟ್ಟಿತ್ತಪ್ಪ — ಹಿಂದೆ ನಿಂತ ಇನ್ನೊಬ್ಬ ಸದಸ್ಯ ಕಿಂಬಲ್ ನಗು ತಡೆಯಲಾರದೆ ಕೆಮ್ಮುತ್ತಾನೆ. ಹಲಗೆ ಬೇಕು ಅನ್ನೋರು? ಎಂದು ಕೇಳುತ್ತಾನೆ ಹ್ಯಾಸ್ಕೆಟ್. ಮಿಸೆಸ್ ಪ್ರೂಯಿಟ್‌ಳ ಕೈ ಮೇಲಕ್ಕೆ, ಅವಳದೇ ಮೊದಲು, ಕಿಂಬಲ್‌ನ ಕೈ ಮೇಲಕ್ಕೆ, ಲೆನೋರ್ ಉಸಿರು ಬಿಡುತ್ತಾಳೆ. ಬೇಡ ಅನ್ನೋರು? ಹ್ಯಾಸ್ಕೆಟ್‌ನದು, ಒಂದೇ ಒಂದು, ಅಷ್ಟೇ ತಾನೆ, ಅಷ್ಟೇ — ಕಾರಿನ ಕಿಟಕಿಯಿಂದ ಬಲಗೈ ಹೊರಗೆ ಬರುತ್ತದೆ, ಮೊಣಕೈ ಬಾಗಿಲ್ಲ. ಎರಡು, ಎರಡು, ಎನ್ನುತ್ತಾನೆ ಹ್ಯಾಸ್ಕೆಟ್ ಮೆಲ್ಲಗೆ, ಸಮ ಬಂದ್ರೆ ಇಲ್ಲ ಅಂತಲೇ. ಲೆನೋರ್‌ಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ, ಅಪ್ಪ ಮನೆಯನ್ನು ನೋಡುತ್ತಿದ್ದಾನೆ, ಬರೀ ಹುಲ್ಲುಗುಡ್ಡವಿದ್ದಾಗ ಅಮ್ಮನನ್ನು ಅಲ್ಲಿ ನಿಲ್ಲಿಸಿ ಇಲ್ಲಿ ಸೂರು, ಇಲ್ಲಿ ನಿನ್ನ ಕಿಟಕಿ ಎಂದು ಗಾಳಿಯಲ್ಲಿ ಕೈಯಿಂದ ಗೆರೆ ಎಳೆದು ತೋರಿಸಿದ್ದನಂತೆ, ಅಮ್ಮ ಹೋದ ಮೇಲೆ ಶಾಲೆ ಬಿಟ್ಟ ಲೆನೋರ್ ಅಪ್ಪ ಹೇಳಿದ ಸಮಿತಿಯ ನಿಯಮಗಳನ್ನೆಲ್ಲ ಟೈಪು ಮಾಡುತ್ತ ಕೂತಳು, ಒಂದು ಅಕ್ಷರ ತಪ್ಪಿದರೆ ಇಡೀ ಪುಟ ಮತ್ತೆ, ಹನ್ನೊಂದನೇ ಪುಟವಂತೂ ಏಳು ಸಲ — ಹನ್ನೊಂದನೇ ಪುಟ, ಅದು ಇವರಲ್ಲಿ ಯಾರಿಗೂ ನೆನಪಿಲ್ಲ, ತನಗೊಬ್ಬಳಿಗೇ, ಮಾತಾಡಲು ಅಂಜಿ ಅಂಗಡಿಯಲ್ಲಿ ಬ್ರೆಡ್ಡನ್ನೂ ಬೆರಳು ತೋರಿಸಿ ಕೊಳ್ಳುವ ತನಗೆ, ಹೇಳಿದರೆ ಅಪ್ಪನಿಗೆ ಉಳಿದಿರುವ ಒಂದೇ ಒಂದು ಕೆಲಸವನ್ನು ಕಿತ್ತುಕೊಂಡ ಹಾಗೆ, ಹೇಳದಿದ್ದರೆ ನದಿಯಾಚೆ — ಅಪ್ಪನ ಕೈ ಲೆಕ್ಕಕ್ಕಿಲ್ಲ, ಎಂದುಬಿಡುತ್ತಾಳೆ. ಏನಂದೆಯಮ್ಮ? ಎನ್ನುತ್ತಾನೆ ಹ್ಯಾಸ್ಕೆಟ್. ತನ್ನ ಮನೆ ವಿಷಯಕ್ಕೆ ಸದಸ್ಯ ಕೈ ಎತ್ತೋ ಹಾಗಿಲ್ಲ, ಹನ್ನೊಂದನೇ ಪುಟ, ಅಪ್ಪನೇ ಬರೆಸಿದ್ದು. ಅಬ್ಬ, ಬಾಯಿದೆ ಹುಡುಗಿಗೆ, ಎನ್ನುತ್ತಾಳೆ ಮಿಸೆಸ್ ಪ್ರೂಯಿಟ್. ಹ್ಯಾಸ್ಕೆಟ್ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಳ್ಳುತ್ತಾನೆ, ಹಾಗಾದ್ರೆ ಎರಡು, ಒಂದು, ಒಪ್ಪಿಗೆ. ಬಡಗಿಗೆ ಫೋನು ಮಾಡಬೇಕು, ನರ್ಸಿಗೆ ಹೇಳಬೇಕು, ನಡುಮನೆಯ ಪರದೆ ಸರಿಸಬೇಕು, ಅಪ್ಪ ಮನೆಯಿಂದ ಕಣ್ಣು ತೆಗೆದು ಅವಳನ್ನು ನೋಡುತ್ತಿದ್ದಾನೆ, ಮುಗಿಯಿತು ಅಪ್ಪ, ಇಳಿಸು, ಎಲ್ಲ ಮುಗಿಯಿತು, ಕೈ ಇಳಿಸು — ಕಿಟಕಿಯ ಹೊರಗೆ ಕೈ ಹಾಗೇ ಇದೆ, ನೆಟ್ಟಗೆ, ಯಾರೂ ಲೆಕ್ಕಕ್ಕೆ ಹಿಡಿಯದ ಕೈ, ಮೊಣಕೈ ಬಾಗದ ಕೈ.